ಅಪ್ಪನ 2005ರ ಕಂಪ್ಯೂಟರ್ ಕ್ಯಾಬಿನೆಟ್‌ಗೆ ವಾಟರ್ ಕೂಲರ್

ಹೋದ ಬೇಸಿಗೆಯಲ್ಲಿ ಅಪ್ಪನ ಹಳೆ ಕಂಪ್ಯೂಟರ್ ಕ್ಯಾಬಿನೆಟ್ ಕೊಯ್ದು ಅದರೊಳಗೆ ವಾಟರ್ ಕೂಲರ್, ಅಂದರೆ ಪ್ರೊಸೆಸರ್‌ನ ಶಾಖವನ್ನು ನೀರಿನಿಂದ ಇಳಿಸುವ ಸಾಧನ, ಕೂರಿಸಿದೆ. ಆರು ಭಾನುವಾರ ಹಿಡಿಯಿತು. ಮಧ್ಯದಲ್ಲಿ ಒಂದು ಕೂಲರ್ ನನ್ನ ಕೈಯಿಂದಲೇ ಹಾಳಾಯಿತು, ಅದನ್ನೂ ಹೇಳುತ್ತೇನೆ. ಸ್ಟೇಟಸ್‌ಗೆ ಹಾಕಿದ ಫೋಟೋ ನೋಡಿ ಗೆಳೆಯರು ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ, ತಗಡು ಹೇಗೆ ಕೊಯ್ದೆ, ನೀರು ಸೋರಲ್ವಾ, ಸುಮ್ನೆ ಹೊಸ ಕ್ಯಾಬಿನೆಟ್ಟೇ ತಗೋಬಹುದಿತ್ತಲ್ವಾ ಅಂತ. ಎಲ್ಲರಿಗೂ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹೌದು, ಹೊಸದು ತಗೋಬಹುದಿತ್ತು. ಆದರೆ ಇದು 2005ರಲ್ಲಿ ಅಪ್ಪ ಬಳ್ಳಾರಿಯಲ್ಲಿ ಡಿಟಿಪಿ ಅಂಗಡಿ ಇಟ್ಟಾಗ ತಂದ ಡಬ್ಬ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಸಿಪಿಯು ಅಂತಲೇ ಕರೆಯುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ. ಒಳಗೆ ಪೆಂಟಿಯಂ 4 ಪ್ರೊಸೆಸರ್ ಇತ್ತು. ಅಪ್ಪ ಅದರಲ್ಲಿ ನುಡಿ ಸಾಫ್ಟ್‌ವೇರ್ ಹಾಕಿಕೊಂಡು ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಬಿಲ್ ಬುಕ್ಕು ಎಲ್ಲ ಟೈಪ್ ಮಾಡುತ್ತಿದ್ದರು. ನಾನು ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಹೋಗಿ ಟೇಬಲ್ ಕೆಳಗೆ ಅದರ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ, ಅದರ ಹಿಂದಿನಿಂದ ಬರುವ ಬಿಸಿ ಗಾಳಿ ಕಾಲಿಗೆ ತಾಗುತ್ತಿತ್ತು. ಅಂಗಡಿ ಮುಚ್ಚಿ ಬಹಳ ವರ್ಷ ಆಯಿತು. ಡಬ್ಬ ಅಟ್ಟದ ಮೇಲಿತ್ತು. ಈಗ ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ, ಆ ಕೆಲಸ ಇದೇ ಡಬ್ಬದಲ್ಲಿ ನಡೆಯಲಿ ಅಂತ ಆಸೆ ಆಯಿತು. ಇಷ್ಟೇ ಕಾರಣ. ದುಡ್ಡಿನ ಲೆಕ್ಕ ಹಾಕಿದರೆ ಇದರಲ್ಲಿ ಉಳಿತಾಯ ಏನೂ ಇಲ್ಲ.

ಆದರೆ ತಗಡು ಮಾತ್ರ ಗಟ್ಟಿ. ವರ್ನಿಯರ್ ಇಟ್ಟು ನೋಡಿದೆ, 0.7 ಮಿಲಿಮೀಟರ್ ಬಂತು. ಬಣ್ಣ ಹಳದಿಗೆ ತಿರುಗಿತ್ತು, ತುಕ್ಕು ಎಲ್ಲೂ ಇರಲಿಲ್ಲ.

ಮೊದಲು ನನಗೆ ನೀರಿನ ಯೋಚನೆಯೇ ಇರಲಿಲ್ಲ. ನನ್ನ ಹತ್ತಿರ ಇರುವುದು ರೈಜನ್ 7 5800ಎಕ್ಸ್. 2020ರ ಪ್ರೊಸೆಸರ್, ಎಂಟು ಕೋರ್. ಇದನ್ನು ಬಳಸಿದವರಿಗೆ ಗೊತ್ತು, ಬಿಸಿ ಜಾಸ್ತಿ. ಹೆಸರಿಗೆ 105 ವ್ಯಾಟ್, ಪೂರ್ತಿ ಲೋಡ್ ಬಿದ್ದರೆ 142 ವ್ಯಾಟ್‌ವರೆಗೆ ಎಳೆಯುತ್ತದೆ. ಆ ಎಂಟೂ ಕೋರ್ ಕೂತಿರುವ ಚಿಪ್ಪಿನ ತುಂಡು ಸುಮಾರು 80 ಚದರ ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಕಿರುಬೆರಳ ಉಗುರಿನಷ್ಟು. ಅಷ್ಟು ಜಾಗದಲ್ಲಿ ಅಷ್ಟು ಶಾಖ. ಹಾಗಾಗಿ ಪ್ರೊಸೆಸರ್ ಮೇಲೆ ಗೋಪುರದ ಹಾಗೆ ನಿಲ್ಲುವ ಒಳ್ಳೆ ಟವರ್ ಕೂಲರ್ ತಂದೆ, 158 ಮಿಲಿಮೀಟರ್ ಎತ್ತರದ್ದು. ಕೂರಿಸಿದ ಮೇಲೆ ಪಕ್ಕದ ಬಾಗಿಲು ಮುಚ್ಚಲೇ ಇಲ್ಲ. ಹಳೆ ಕ್ಯಾಬಿನೆಟ್‌ಗಳ ಅಗಲವೇ 18 ಸೆಂಟಿಮೀಟರ್ ಆಸುಪಾಸು, ಅದರಲ್ಲಿ ಮದರ್‌ಬೋರ್ಡಿನ ಹಿಂದಿನ ಜಾಗ, ಬೋರ್ಡು, ಪ್ರೊಸೆಸರ್ ಎಲ್ಲ ಕಳೆದರೆ ಕೂಲರ್‌ಗೆ ಸಿಗುವುದು 140 ಚಿಲ್ಲರೆ. ಕೊನೆಗೆ ಗಿಡ್ಡ ಕೂಲರ್ ಹಾಕಿ ಒಂದು ಮದುವೆ ಸೀಸನ್ ತಳ್ಳಿದೆ. ಹೊರಗೆ ಬಿಸಿಲು ಸುಡುತ್ತಿರುವಾಗ ನನ್ನ ರೂಮಿನೊಳಗೆ 36 ಡಿಗ್ರಿ. ಎಡಿಟ್ ಮಾಡಿದ ವಿಡಿಯೋವನ್ನು ಎಕ್ಸ್‌ಪೋರ್ಟ್‌ಗೆ ಹಾಕಿ ಐದು ನಿಮಿಷಕ್ಕೆ ಪ್ರೊಸೆಸರ್ 90 ಮುಟ್ಟುತ್ತಿತ್ತು, ಅದು ಇದರ ಮಿತಿ, ಅಲ್ಲಿಂದ ತಾನಾಗಿಯೇ ವೇಗ ಇಳಿಸಿಕೊಂಡು ತೆವಳುತ್ತಿತ್ತು.

ವಾಟರ್ ಕೂಲರ್‌ನ ಲಾಭ ನನಗೆ ಕಂಡಿದ್ದು ಇಲ್ಲಿ. ಪ್ರೊಸೆಸರ್ ಮೇಲೆ ಕೂರುವ ಪಂಪು ಐದು ಸೆಂಟಿಮೀಟರ್ ಎತ್ತರ ಅಷ್ಟೇ. ಬಾಕಿ ದೊಡ್ಡ ಭಾಗವನ್ನು, ಅಂದರೆ ನೀರಿನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರನ್ನು, ಜಾಗ ಇದ್ದ ಕಡೆ ಇಟ್ಟುಕೊಳ್ಳಬಹುದು. ನೀರು ಮ್ಯಾಜಿಕ್ ಏನೂ ಮಾಡುವುದಿಲ್ಲ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತುಕೊಂಡು ಹೋಗುತ್ತದೆ ಅಷ್ಟೇ, ಆದರೆ ಆ ಹೊರುವ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೂ ಸಾಕು, 100 ವ್ಯಾಟ್ ಶಾಖ ಸೇರಿದಾಗ ಅದು ಬಿಸಿಯಾಗುವುದು ಸುಮಾರು ಒಂದೂವರೆ ಡಿಗ್ರಿ ಮಾತ್ರ. ಹೀಗೆ ಹೊತ್ತು ತಂದ ಶಾಖವನ್ನು ಕೊನೆಗೆ ಗಾಳಿಗೇ ಬಿಡಬೇಕು. ಆದ್ದರಿಂದ ರೂಮು 36 ಇದ್ದರೆ ನೀರು 36ಕ್ಕಿಂತ ಕೆಳಗೆ ಹೋಗುವುದಿಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಫ್ರಿಜ್ ತರಹ ತಣ್ಣಗಾಗುತ್ತೆ ಅಂದುಕೊಳ್ಳುತ್ತಾರೆ. ಆಗಲ್ಲ.

ಅಂದರೆ ಅಸಲಿ ಕೆಲಸ ಕೂಲರ್ ಕೊಳ್ಳುವುದಲ್ಲ. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಅಂತ ನೋಡಿ ಅದಕ್ಕೆ ದಾರಿ ಕೊರೆಯುವುದು. ಹಳೆ ಕ್ಯಾಬಿನೆಟ್‌ನಲ್ಲಿ ಆ ದಾರಿಯೇ ಇರುವುದಿಲ್ಲ. ನನ್ನದರಲ್ಲಿ ಮುಂದೆ ಪೂರ್ತಿ ಪ್ಲಾಸ್ಟಿಕ್ ಮುಖ, ಕೆಳಗೆ ಒಂದು ಬೆರಳು ತೂರುವಷ್ಟು ಸಂದು. ಹಿಂದೆ 80 ಮಿಲಿಮೀಟರ್ ಫ್ಯಾನಿಗೆ ಜಾಗ, ಅದರ ಮುಂದೆಯೂ ತಗಡಿನಲ್ಲೇ ಒತ್ತಿದ ಜಾಲರಿ, ಅರ್ಧ ಗಾಳಿ ಅದೇ ತಡೆಯುತ್ತದೆ.

ಇನ್ನೊಂದು ಕಡೆ ನೋಡಿದರೆ ಹಳೆ ಡಬ್ಬದ ಒಳ್ಳೆತನವೂ ದೊಡ್ಡದು. ಎಟಿಎಕ್ಸ್ ಅನ್ನುವ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಬೋರ್ಡು 305 ಮಿಲಿಮೀಟರ್‌ಗೆ 244, ಸ್ಕ್ರೂ ತೂತುಗಳು ಇಂಥ ಜಾಗದಲ್ಲೇ, ಹಿಂದಿನ ಪೋರ್ಟುಗಳ ಕಿಂಡಿ ಇಷ್ಟೇ ಅಗಲ, ಪವರ್ ಸಪ್ಲೈಗೆ ನಾಲ್ಕು ಸ್ಕ್ರೂ ಇಲ್ಲಿಲ್ಲೇ ಅಂತ ಎಲ್ಲ ಅವತ್ತೇ ನಿಗದಿ ಆಗಿಹೋಗಿದೆ. 2005ರ ಡಬ್ಬದೊಳಗೆ ಹೊಸ ಬೋರ್ಡನ್ನು ಇಳಿಸಿದಾಗ ಒಂಬತ್ತೂ ತೂತು ಹಿತ್ತಾಳೆ ಕಾಲುಗಳ ಮೇಲೆ ಸರಿಯಾಗಿ ಕೂತವು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಫೋನಿನ ಚಾರ್ಜರ್ ಪಿನ್ನೇ ನಾಲ್ಕು ಸಲ ಬದಲಾಗಿರುವ ಕಾಲದಲ್ಲಿ ಇದನ್ನು ನೋಡಿ ನನಗೆ ನಿಜವಾಗಿ ಖುಷಿ ಆಯಿತು. ಈ ಅಳತೆ ಕಾಪಾಡಿಕೊಂಡು ಬಂದವರಿಗೆ ಒಂದು ನಮಸ್ಕಾರ ಹೇಳಬೇಕು.

ರೇಡಿಯೇಟರ್ ಎಲ್ಲಿ ಇಡುವುದು? ಈಗಿನ ಕ್ಯಾಬಿನೆಟ್‌ನಲ್ಲಾದರೆ ಮೇಲ್ಗಡೆ. ಹಳೆಯದರಲ್ಲಿ ಪವರ್ ಸಪ್ಲೈ ಮೇಲೆ ಇರುತ್ತದೆ, ಅಲ್ಲಿ ಜಾಗ ಇಲ್ಲ. ಉಳಿದದ್ದು ಮುಂಭಾಗ. ನಾನು ಆರಿಸಿಕೊಂಡದ್ದು 240 ಸೈಜಿನ ರೇಡಿಯೇಟರ್. ಎರಡು 120ರ ಫ್ಯಾನ್ ಕೂರುತ್ತವೆ ಅಂತ ಅದಕ್ಕೆ 240 ಅನ್ನುತ್ತಾರೆ, ಎರಡು ತುದಿಯ ನೀರಿನ ತೊಟ್ಟಿಗಳೂ ಸೇರಿ ಉದ್ದ 277 ಮಿಲಿಮೀಟರ್. ಹೊಸದಾಗಿ ಮಾಡುವವರು ಇಲ್ಲೇ ಎಡವುತ್ತಾರೆ, 240 ಅಂತ ನಂಬಿ ಜಾಗ ಬಿಡುತ್ತಾರೆ. ದಪ್ಪ 27, ಫ್ಯಾನ್ 25, ಸೇರಿದರೆ 52. ಇದನ್ನೇ ರಟ್ಟಿನಲ್ಲಿ ಮಾಡಿದೆ. ಹಳೆ ಪಾರ್ಸಲ್ ಡಬ್ಬದ ರಟ್ಟು ಕತ್ತರಿಸಿ, ಅಂಟಿಸಿ, ನಿಜವಾದ ರೇಡಿಯೇಟರ್‌ನಷ್ಟೇ ದಪ್ಪದ ಒಂದು ತುಂಡು. ಅದನ್ನು ಒಳಗೆ ಇಟ್ಟು, ತೆಗೆದು, ಮತ್ತೆ ಇಟ್ಟು ಎರಡು ಸಂಜೆ ಕಳೆದೆ. ಗ್ರಾಫಿಕ್ಸ್ ಕಾರ್ಡಿನ ತುದಿ ತಾಗುತ್ತಾ, ಬೋರ್ಡಿನ ಪವರ್ ಕೇಬಲ್ ಬಗ್ಗಿಸಲು ಜಾಗ ಉಳಿಯುತ್ತಾ, ಪೈಪು ಎಟಕುತ್ತಾ, ಎಲ್ಲ ಆ ರಟ್ಟಿನಲ್ಲೇ ಗೊತ್ತಾಯಿತು. ರಟ್ಟು ತಪ್ಪಾದರೆ ಇನ್ನೊಂದು ಕತ್ತರಿಸಬಹುದು, ತಗಡು ತಪ್ಪಾದರೆ ಆಗಲ್ಲ.

ಜಾಗ ಮಾಡಲು ಹಾರ್ಡ್ ಡಿಸ್ಕ್ ಗೂಡು ತೆಗೆಯಬೇಕಿತ್ತು. ಅದು ಸ್ಕ್ರೂ ಅಲ್ಲ, ರಿವಿಟ್ ಹೊಡೆದು ಕೂರಿಸಿರುವುದು. 3.2 ಮಿಲಿಮೀಟರ್ ಬಿಟ್ ಹಾಕಿ ರಿವಿಟ್‌ನ ನಡುವಿಗೆ ಡ್ರಿಲ್ ಇಟ್ಟರೆ ತಲೆ ಕಳಚಿಕೊಂಡು ಬರುತ್ತದೆ, ಗೂಡು ಹಾಳಾಗುವುದಿಲ್ಲ. ಹನ್ನೆರಡು ರಿವಿಟ್ ಇದ್ದವು. ಸಿಡಿ ಡ್ರೈವ್ ಕೂರುವ ನಾಲ್ಕು ಗೂಡುಗಳಲ್ಲಿ ಕೆಳಗಿನ ಮೂರನ್ನು ಕೊಯ್ದು ಮೇಲಿನ ಒಂದನ್ನು ಉಳಿಸಿಕೊಂಡೆ. ಕೆಲವು ಮನೆಯವರು ಇವತ್ತಿಗೂ ಡಿವಿಡಿ ಕೇಳುತ್ತಾರೆ, ಡ್ರೈವ್ ಬೇಕು. ಗೂಡು ತೆಗೆದ ಮೇಲೆ ಗೊತ್ತಾಯಿತು, ಇಡೀ ಮುಂಭಾಗ ಗಟ್ಟಿಯಾಗಿ ನಿಂತಿದ್ದೇ ಅದರಿಂದ. ಒತ್ತಿದರೆ ತಗಡು ಡಬಡಬ ಅನ್ನುತ್ತಿತ್ತು. ಎರಡೂ ಮೂಲೆಗೆ ಅಲ್ಯುಮಿನಿಯಂ ಎಲ್ ಆಂಗಲ್ ಇಟ್ಟು ಮತ್ತೆ ರಿವಿಟ್ ಹೊಡೆದೆ, ಆಮೇಲೆ ಸರಿಹೋಯಿತು.

ಕೊಯ್ಯುವ ಮುಂಚೆ ಒಳಗಿನ ಎಲ್ಲವನ್ನೂ ಬಿಚ್ಚಿ ಬೇರೆ ರೂಮಿನಲ್ಲಿ ಇಡಿ. ಒಂದು ಸಣ್ಣ ಕಬ್ಬಿಣದ ಚೂರು ಬೋರ್ಡಿನ ಎರಡು ಪಿನ್ನಿನ ನಡುವೆ ಕೂತರೆ ಶಾರ್ಟ್ ಆಗಿ ಮುಗೀತು. ಬಟ್ಟೆ ಮುಚ್ಚಿ ಕೊಯ್ದುಬಿಡ್ತೀನಿ ಅನ್ನುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ತಗಡು ಕೊಯ್ಯಲು ನನಗೆ ಬರುತ್ತಿರಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಗೇಟು, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಇದೆ. ಅಲ್ಲಿಯ ಅಣ್ಣನ ಹತ್ತಿರ ಹೋಗಿ, ಗ್ರೈಂಡರ್ ಒಂದು ಗಂಟೆ ಕೊಡ್ತೀಯಾ ಅಣ್ಣ ಅಂತ ಕೇಳಿದೆ. ಅವನು ಡಬ್ಬ ಕೈಗೆ ತಗೊಂಡು, ತಗಡನ್ನು ಬೆರಳಲ್ಲಿ ಬಡಿದು ನೋಡಿ, "ಗ್ರೈಂಡರ್ ಬ್ಯಾಡ ತಮ್ಮ, ತೆಳ್ಳಗೈತೆ, ಬಿಸಿಗೆ ಸೊಟ್ಟ ಆಗ್ತೈತೆ. ಜಿಗ್‌ಸಾ ತಗೋ. ಎರಡೂ ಕಡೆ ಪ್ಲೈವುಡ್ ಕಚ್ಚಿಸಿ ನಿಧಾನಕ್ಕೆ ಕೊಯ್ಯಿ" ಅಂದ. ಅವನು ಹೇಳಿದ ಹಾಗೇ ಮಾಡಿದೆ, ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಇದು. ತೆಳ್ಳನೆಯ ತಗಡು ಜಿಗ್‌ಸಾ ಹಲ್ಲಿಗೆ ಸಿಕ್ಕಿ ಕುಣಿಯುತ್ತದೆ. ಪ್ಲೈವುಡ್ ನಡುವೆ ಬಿಗಿ ಮಾಡಿದರೆ ಅದು ಅಲ್ಲಾಡಲು ಆಗುವುದಿಲ್ಲ. ಬ್ಲೇಡು ಕಬ್ಬಿಣಕ್ಕೆ ಅಂತಲೇ ಸಿಗುವ ಸಣ್ಣ ಹಲ್ಲಿನದು, ಇಂಚಿಗೆ 24 ಹಲ್ಲು. ಮರ ಕೊಯ್ಯುವ ದೊಡ್ಡ ಹಲ್ಲಿನ ಬ್ಲೇಡ್ ಹಾಕಿದರೆ ತಗಡು ಹರಿದುಹೋಗುತ್ತದೆ.

ಗುರುತು ಹಾಕುವುದೇ ಅರ್ಧ ಕೆಲಸ. ಮೊದಲು ಇಡೀ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. 120ರ ಫ್ಯಾನಿನ ನಾಲ್ಕು ಸ್ಕ್ರೂ ತೂತು 105 ಮಿಲಿಮೀಟರ್ ಚೌಕದಲ್ಲಿರುತ್ತವೆ. ಎರಡು ಫ್ಯಾನ್ ಪಕ್ಕಪಕ್ಕ ಇಟ್ಟರೆ ನಡುವಿನ ತೂತುಗಳ ಅಂತರ 15. ಲೆಕ್ಕ ಸರಿಯೇ, ಆದರೂ ಲೆಕ್ಕ ನಂಬಿ ಡ್ರಿಲ್ ಹಾಕಬೇಡಿ, ಕೆಲವು ರೇಡಿಯೇಟರ್‌ಗಳಲ್ಲಿ ಆ ನಡುವಿನ ಅಂತರ ಬೇರೆ ಇರುತ್ತದೆ. ರೇಡಿಯೇಟರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ತೂತುಗಳ ಅಚ್ಚು ಬರುತ್ತದೆ, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಅದೇ ತರಹ. ಆ ಕಾಗದವನ್ನೇ ತಗಡಿಗೆ ಅಂಟಿಸಿ, ಪ್ರತಿ ತೂತಿನ ನಡುವಿಗೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು ಹಾಕಿದೆ. ಪಂಚ್ ಹೊಡೆಯದಿದ್ದರೆ ಡ್ರಿಲ್ ಬಿಟ್ ತಗಡಿನ ಮೇಲೆ ಜಾರಿಕೊಂಡು ಎಲ್ಲಿಗೋ ಹೋಗುತ್ತದೆ.

ಗಾಳಿಗೆ ಒಂದೇ ಉದ್ದ ಕಿಂಡಿ ಕೊಯ್ಯೋಣ ಅಂತ ಮೊದಲು ಅಂದುಕೊಂಡಿದ್ದೆ. ಹಾಗೆ ಮಾಡಿದರೆ ಮುಂಭಾಗದಲ್ಲಿ ತಗಡೇ ಉಳಿಯುವುದಿಲ್ಲ. ಅದಕ್ಕೆ ಎರಡು ವೃತ್ತ ಕೊಯ್ದೆ, ಒಂದೊಂದು 114 ಮಿಲಿಮೀಟರ್, ನಡುವೆ ಆರು ಮಿಲಿಮೀಟರ್ ಪಟ್ಟಿ ಉಳಿಯಿತು. ಒಳಗಡೆ ಒಂದು ದಪ್ಪ ತೂತು ಹಾಕಿ, ಅದರಲ್ಲಿ ಬ್ಲೇಡ್ ತೂರಿಸಿ, ಎರಡು ಹನಿ ಎಣ್ಣೆ ಬಿಟ್ಟು, ಕಡಿಮೆ ಸ್ಪೀಡಿನಲ್ಲಿ ಗೆರೆಯ ಒಳಬದಿಗೇ ಕೊಯ್ದೆ. ಆಮೇಲೆ ಅರ್ಧಚಂದ್ರದ ಅರ ತಗೊಂಡು ಗೆರೆಯವರೆಗೆ ಉಜ್ಜಿದೆ. ಒಂದು ವೃತ್ತಕ್ಕೆ ಒಂದು ಗಂಟೆಗಿಂತ ಜಾಸ್ತಿ ಆಯಿತು. ಕೊಯ್ದ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ, ಚರ್ಮದ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಮರೀಬೇಡಿ. ಅಂಚಿಗೆ ಉಪ್ಪುಕಾಗದ ಹಾಕಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಕೂರಿಸಿದೆ.

ಹಿಂದಿನ 80ರ ತೂತನ್ನೂ ಅದೇ ದಿನ 120ಕ್ಕೆ ದೊಡ್ಡದು ಮಾಡಿದೆ. ಪೋರ್ಟುಗಳ ಕಿಂಡಿಗೂ ಪಕ್ಕದ ಬಾಗಿಲಿಗೂ ನಡುವೆ ಫ್ಯಾನ್ ಕೂತ ಮೇಲೆ ಆಚೆ ಈಚೆ ಎರಡೆರಡು ಮಿಲಿಮೀಟರ್ ಮಾತ್ರ ಉಳಿದಿದೆ. ಆದರೂ ಆ ಶ್ರಮಕ್ಕೆ ಬೆಲೆ ಇದೆ. 80ಕ್ಕೂ 120ಕ್ಕೂ ಹೋಲಿಸಿದರೆ ಗಾಳಿ ಹೋಗುವ ಜಾಗ ಎರಡೂಕಾಲು ಪಟ್ಟು. ಮುಂದೆ ರೇಡಿಯೇಟರ್ ಇಟ್ಟು ಗಾಳಿಯನ್ನು ಒಳಗೆ ಎಳೆದರೆ ಪ್ರೊಸೆಸರ್‌ನ ಶಾಖವೆಲ್ಲ ಡಬ್ಬದೊಳಗೇ ಬರುತ್ತದೆ. ಎರಡು ಫ್ಯಾನ್ ಸೇರಿ ಗಂಟೆಗೆ 85 ಘನ ಮೀಟರ್ ಗಾಳಿ ತಳ್ಳುತ್ತವೆ ಅಂದುಕೊಳ್ಳಿ, 142 ವ್ಯಾಟ್‌ಗೆ ಆ ಗಾಳಿ ಐದು ಡಿಗ್ರಿಯಷ್ಟು ಬಿಸಿ ಆಗಿರುತ್ತದೆ. ಅದೇ ಗಾಳಿಯನ್ನು 170 ವ್ಯಾಟ್‌ನ ನನ್ನ ಗ್ರಾಫಿಕ್ಸ್ ಕಾರ್ಡ್ ಉಸಿರಾಡಬೇಕು. ಹಿಂದಿನಿಂದ ಸರಾಗವಾಗಿ ಹೊರಗೆ ಹೋಗದಿದ್ದರೆ ಅದು ಒಳಗೇ ಸುತ್ತುತ್ತಾ ಇರುತ್ತದೆ. ಮುಂದಿನ ಫ್ಯಾನುಗಳನ್ನು ತಿರುಗಿಸಿ ಗಾಳಿ ಹೊರಗೆ ಬಿಡಬಹುದಲ್ಲ ಅಂತ ಕೇಳಬಹುದು. ಮಾಡಿ ನೋಡಿದೆ. ಆಗ ಧೂಳು ಎಲ್ಲ ಸಂದಿನಿಂದಲೂ ಒಳಗೆ ಬಂತು, ನಮ್ಮೂರಿನ ಧೂಳಿಗೆ ಅದು ಆಗಿಬರುವ ಮಾತಲ್ಲ.

ಪ್ಲಾಸ್ಟಿಕ್ ಮುಖವನ್ನು ಜಿಗ್‌ಸಾದಲ್ಲಿ ಕೊಯ್ಯಲು ಹೋದೆ, ಬಿಸಿಗೆ ಕರಗಿ ಹಿಂದೆಯೇ ಅಂಟಿಕೊಂಡಿತು. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ಕೊಯ್ದೆ. ಪವರ್ ಬಟನ್ ಮತ್ತು ಅದರ ಪಕ್ಕ ಅಪ್ಪ ಅಂಟಿಸಿದ್ದ ಅಂಗಡಿಯ ಸ್ಟಿಕ್ಕರ್ ಇರುವ ಭಾಗ ಹಾಗೇ ಉಳಿಸಿದೆ.

ಈಗ ಹಾಳಾದ ಕೂಲರ್ ವಿಷಯ. ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್, ಚೆನ್ನಾಗಿಯೇ ಇತ್ತು. ನನ್ನ ಜೋಡಣೆಯಲ್ಲಿ ತಗಡಿಗೆ ನೇರ ರೇಡಿಯೇಟರ್ ತಾಗುತ್ತದೆ, ಫ್ಯಾನು ಅದರ ಹಿಂದೆ ಒಳಬದಿಗೆ. ಫ್ಯಾನ್ ಮೂಲಕ ಹೋಗುವ ಸ್ಕ್ರೂ 30 ಮಿಲಿಮೀಟರ್ ಉದ್ದ, ಅದರಲ್ಲಿ 25 ಫ್ಯಾನಿಗೇ ಹೋಗುತ್ತದೆ, ಐದು ಮಾತ್ರ ರೇಡಿಯೇಟರ್ ಒಳಗೆ. ಆದರೆ ತಗಡಿನ ಕಡೆಯಿಂದ ಹಾಕುವಾಗ ನಡುವೆ ಫ್ಯಾನ್ ಇಲ್ಲ. ಅಲ್ಲಿ ಆರು ಮಿಲಿಮೀಟರ್‌ನ ಗಿಡ್ಡ ಸ್ಕ್ರೂ ಬೇಕು. ನಾನು ಡಬ್ಬಿಯಲ್ಲಿ ಕೈಗೆ ಸಿಕ್ಕ 12ರದ್ದನ್ನು ಹಾಕಿದೆ. ಸ್ವಲ್ಪ ಬಿಗಿ ಅನ್ನಿಸಿತು, ಪೇಂಟ್ ಇರಬೇಕು ಅಂತ ಇನ್ನೊಂದು ಸುತ್ತು ತಿರುಗಿಸಿದೆ. ಸ್ಕ್ರೂ ಪಕ್ಕದಲ್ಲಿ ಒಂದು ಹನಿ ಮೂಡಿತು. ಸ್ಕ್ರೂ ತೂತಿನ ನೇರ ಹಿಂದೆಯೇ ನೀರಿನ ಚಪ್ಪಟೆ ಕೊಳವೆ ಇತ್ತು, ಅದಕ್ಕೆ ತೂತು ಬಿದ್ದಿತ್ತು. ಬೋರ್ಡ್ ಒಳಗಿರಲಿಲ್ಲ, ಅದೊಂದು ಪುಣ್ಯ. ಅವತ್ತು ರಾತ್ರಿ ತುಂಬಾ ಬೇಜಾರಾಯಿತು, ಡಬ್ಬ ಹಾಗೇ ಮೂಲೆಗೆ ತಳ್ಳಿ ಎರಡು ವಾರ ಮುಟ್ಟಲಿಲ್ಲ. ಆಮೇಲೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಅದೇ ಅಳತೆಯ ಹೊಸದು ತಂದೆ. ಈಗ ಪ್ರತಿ ತೂತಿಗೂ ಹಲ್ಲುಕಡ್ಡಿ ಇಳಿಸಿ ಆಳ ನೋಡಿ, ಸ್ಕ್ರೂ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ಹಾಕುತ್ತೇನೆ. ಸ್ಕ್ರೂ ಬಿಗಿ ಅನ್ನಿಸಿದರೆ ಕೈ ನಿಲ್ಲಿಸಿ, ಅಷ್ಟೇ.

ಪಂಪಿನ ಎತ್ತರದ ಬಗ್ಗೆ ಒಂದು ಮಾತು. ಇಂಥ ಸೀಲ್ ಆದ ಕೂಲರ್ ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷ ಕಳೆದ ಹಾಗೆ ರಬ್ಬರ್ ಪೈಪಿನ ಮೂಲಕ ನೀರು ಚೂರು ಚೂರೇ ಆವಿಯಾಗಿ ಆ ಗಾಳಿ ಜಾಸ್ತಿ ಆಗುತ್ತದೆ. ಗಾಳಿ ಯಾವತ್ತೂ ಎಲ್ಲಕ್ಕಿಂತ ಮೇಲಿನ ಜಾಗದಲ್ಲಿ ಸೇರಿಕೊಳ್ಳುತ್ತದೆ. ಆ ಜಾಗ ಪಂಪ್ ಆದರೆ ಗಳಗಳ ಸದ್ದು, ಪಂಪಿನ ಆಯುಷ್ಯವೂ ಕಡಿಮೆ. ನಮ್ಮ ಬೋರ್‌ವೆಲ್ ಮೋಟರ್ ಗಾಳಿ ಎಳೆದಾಗ ಹೇಗೆ ಒದರುತ್ತದೆ, ಹಾಗೆ. ಹಾಗಾಗಿ ರೇಡಿಯೇಟರ್‌ನ ತಲೆ ಪಂಪಿಗಿಂತ ಮೇಲಿರಬೇಕು. ನನ್ನದರಲ್ಲಿ ಏಳು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಮೇಲಿದೆ. ಪೈಪುಗಳು ಕೆಳಗಿನಿಂದ ಹೊರಟು ಗ್ರಾಫಿಕ್ಸ್ ಕಾರ್ಡಿನ ತುದಿ ಬಳಸಿ ಮೇಲೆ ಬರುತ್ತವೆ, 40 ಸೆಂಟಿಮೀಟರ್ ಪೈಪು ಹೆಚ್ಚೂ ಆಗಲಿಲ್ಲ ಕಮ್ಮಿಯೂ ಆಗಲಿಲ್ಲ.

ಯಾವ ನೀರು ಹಾಕಿದೀಯಾ ಅಂತಲೂ ಕೇಳಿದ್ದಾರೆ. ನಾನು ಏನೂ ಹಾಕಿಲ್ಲ, ಫ್ಯಾಕ್ಟರಿಯಲ್ಲೇ ತುಂಬಿ ಸೀಲ್ ಮಾಡಿರುತ್ತಾರೆ. ಬಿಡಿ ಭಾಗ ತಂದು ತಾವೇ ಜೋಡಿಸುವವರು ಮಾತ್ರ ದಯವಿಟ್ಟು ನಲ್ಲಿ ನೀರು, ಬೋರ್ ನೀರು ಹಾಕಬೇಡಿ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣ ನೋಡಿದ್ದೀರಲ್ಲ, ಅದೇ ಇಲ್ಲಿಯ ಸಣ್ಣ ಸಣ್ಣ ಸಂದುಗಳಲ್ಲಿ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಜೊತೆಗೆ ಪಾಚಿ ಕಟ್ಟದ ಹಾಗೆ ಮತ್ತು ಲೋಹ ತಿನ್ನದ ಹಾಗೆ ತಡೆಯುವ ದ್ರವ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕಿಗೆ ಅಲ್ಯುಮಿನಿಯಂ ರೇಡಿಯೇಟರ್ ಜೋಡಿಸಲೂ ಬೇಡಿ, ಎರಡು ಲೋಹದ ನಡುವೆ ನೀರು ಇದ್ದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ.

ವೈರುಗಳದ್ದು ಸಣ್ಣ ಕಥೆ. ಪವರ್ ಬಟನ್‌ನ ಎರಡು ಪಿನ್ ಇವತ್ತಿಗೂ ಅದೇ. ಆದರೆ ಪವರ್ ಲೈಟಿನ ಹಳೆ ಕನೆಕ್ಟರ್ ಮೂರು ಪಿನ್ ಅಗಲ ಇತ್ತು, ಹೊಸ ಬೋರ್ಡಿನಲ್ಲಿ ಎರಡೇ. ಸೂಜಿಯಿಂದ ಪ್ಲಾಸ್ಟಿಕ್ ನಾಲಿಗೆ ಎತ್ತಿ ಪಿನ್ ಎಳೆದು ಕನೆಕ್ಟರ್‌ನ ಪಕ್ಕದ ತೂತಿಗೆ ಹಾಕಿದೆ. ಮುಂದಿನ ಯುಎಸ್‌ಬಿಗೆ ನಾಲ್ಕು ಬಿಡಿ ಬಿಡಿ ವೈರು, ಒಂದೊಂದರ ಮೇಲೆ ಹೆಸರು ಬರೆದಿತ್ತು, ಬೋರ್ಡಿನ ಪುಸ್ತಕ ಮುಂದಿಟ್ಟುಕೊಂಡು ಎರಡು ಸಲ ನೋಡಿ ಹಾಕಿ, ಉಲ್ಟಾ ಆದರೆ ಪೆನ್ ಡ್ರೈವ್ ಸುಡುತ್ತದೆ. ಹಳೆ ಪವರ್ ಸಪ್ಲೈಯನ್ನು ಮಾತ್ರ ಬಳಸಬೇಡಿ. ಅಷ್ಟು ವರ್ಷದ ಕೆಪಾಸಿಟರ್ ನಂಬಿ ಹೊಸ ಬೋರ್ಡ್ ಕೊಡುವ ಹಾಗಿಲ್ಲ.

ಬೋರ್ಡಿಗೆ ಕರೆಂಟ್ ಕೊಡುವ ಮುಂಚೆ ಪಂಪು ಮತ್ತು ಫ್ಯಾನುಗಳನ್ನಷ್ಟೇ ಓಡಿಸಿ ನೋಡಿದೆ. ಪವರ್ ಸಪ್ಲೈಯ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಸೇರಿಸಿದರೆ ಬೋರ್ಡ್ ಇಲ್ಲದೆಯೂ ಅದು ಶುರುವಾಗುತ್ತದೆ. ಕೆಳಗೆ ಟಿಶ್ಯೂ ಪೇಪರ್ ಹಾಸಿ ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಹನಿಯೂ ಇಲ್ಲ.

ಇನ್ನು ಧೂಳು. ಬಳ್ಳಾರಿಯ ಧೂಳು ಕೆಂಪು, ಅದಿರಿನ ಊರು. ರೇಡಿಯೇಟರ್‌ನ ತೆಳ್ಳನೆಯ ರೆಕ್ಕೆಗಳ ನಡುವೆ ಅದು ಕೂತರೆ ತೊಳೆದರೂ ಸರಿಯಾಗಿ ಹೋಗುವುದಿಲ್ಲ. ಗುಜರಿಯಿಂದ ಹಳೆ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಪಟ್ಟಿ ತಂದು, ಅದಕ್ಕೆ ನೈಲಾನ್ ಸೊಳ್ಳೆ ಪರದೆ ಅಂಟಿಸಿ ಚೌಕಟ್ಟು ಮಾಡಿದೆ. ಕಬ್ಬಿಣದ ತಗಡು ಅಲ್ವಾ, ಟಕ್ ಅಂತ ಹಿಡಿದುಕೊಳ್ಳುತ್ತದೆ. ಹತ್ತು ದಿನಕ್ಕೊಮ್ಮೆ ಕಿತ್ತು ನಲ್ಲಿ ಕೆಳಗೆ ಹಿಡಿದರೆ ಕೆಂಪು ನೀರು ಇಳಿಯುತ್ತದೆ. ಪರದೆ ಇದ್ದರೆ ಗಾಳಿ ಸ್ವಲ್ಪ ಕಡಿಮೆ ಆಗುವುದು ನಿಜ, ಎರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಅದು ನನಗೆ ಒಪ್ಪಿಗೆ.

ಫಲಿತಾಂಶ ಇದ್ದ ಹಾಗೆ ಹೇಳುತ್ತೇನೆ. ರೂಮು 36 ಡಿಗ್ರಿ ಇರುವ ಮಧ್ಯಾಹ್ನ, ಪೂರ್ತಿ 142 ವ್ಯಾಟ್ ಬಿಟ್ಟರೆ ನೀರಿದ್ದೂ ಪ್ರೊಸೆಸರ್ 88, 89 ಮುಟ್ಟುತ್ತದೆ. ಮೊದಲ ದಿನ ಇದನ್ನು ನೋಡಿ ಎದೆ ಧಸಕ್ ಅಂದಿತು. ಆದರೆ ಪೈಪು ಮುಟ್ಟಿ ನೋಡಿದರೆ ಬೆಚ್ಚಗಿದೆ ಅಷ್ಟೇ. ಅಂದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ಆ ಉಗುರಿನಷ್ಟು ಚಿಪ್ಪಿನಿಂದ ಶಾಖ ನೀರಿನವರೆಗೆ ಬರುವ ದಾರಿಯೇ ಇಕ್ಕಟ್ಟು. ಅದನ್ನು ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಅಗಲ ಮಾಡಲು ಆಗುವುದಿಲ್ಲ. ಹಾಗಾಗಿ ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ ಪ್ರೊಸೆಸರ್ ಎಳೆಯುವ ಕರೆಂಟಿನ ಮಿತಿಯನ್ನು 110 ವ್ಯಾಟ್‌ಗೆ ಇಳಿಸಿದೆ. ಈಗ 79ರಲ್ಲಿ ನಿಲ್ಲುತ್ತದೆ, ಎಂಟೂ ಕೋರ್ 4.3 ಗಿಗಾಹರ್ಟ್ಜ್‌ಗಿಂತ ಸ್ವಲ್ಪ ಮೇಲೆ ಸ್ಥಿರವಾಗಿ ಓಡುತ್ತವೆ. ಗಿಡ್ಡ ಕೂಲರ್ ಇದ್ದಾಗ 3.9ಕ್ಕೆ ಇಳಿಯುತ್ತಿತ್ತು. ಅದೇ ಮದುವೆಯ ಅದೇ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಆಗಲು ಮೊದಲು 2 ಗಂಟೆ 10 ನಿಮಿಷ, ಈಗ 1 ಗಂಟೆ 56. ಹದಿನಾಲ್ಕು ನಿಮಿಷಕ್ಕೆ ಇಷ್ಟೆಲ್ಲ ಬೇಕಿತ್ತಾ ಅಂದರೆ, ನನಗೆ ಅದಕ್ಕಿಂತ ದೊಡ್ಡದು ಸದ್ದು ಕಡಿಮೆ ಆದದ್ದು. ಮೊದಲು ಫ್ಯಾನ್ ಒದರಾಟಕ್ಕೆ ಹೆಡ್‌ಫೋನ್ ಇಲ್ಲದೆ ಆಡಿಯೋ ಕೇಳಿಸುತ್ತಿರಲಿಲ್ಲ. ಈಗ ನಾದಸ್ವರದ ಸಣ್ಣ ಎಳೆಯೂ ಸ್ಪೀಕರ್‌ನಲ್ಲೇ ಗೊತ್ತಾಗುತ್ತದೆ.

ಉಳಿದಿರುವುದು ಪಕ್ಕದ ಬಾಗಿಲು. ಆ ಕಾಲದ ಕ್ಯಾಬಿನೆಟ್ ಇದ್ದವರಿಗೆ ನೆನಪಿರಬಹುದು, ಬಾಗಿಲಿನಲ್ಲಿ ಎರಡು ಜಾಲರಿ ಕಿಂಡಿ, ಮೇಲಿನದಕ್ಕೆ ಒಳಗಡೆ ಒಂದು ಪ್ಲಾಸ್ಟಿಕ್ ಕೊಳವೆ. ಚಿಕ್ಕವನಿದ್ದಾಗ ಅದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಪೆಂಟಿಯಂ 4ರ ಪ್ರೆಸ್ಕಾಟ್ ಚಿಪ್ 2004ರಲ್ಲಿ ಬಂದಾಗ 3 ಗಿಗಾಹರ್ಟ್ಜ್‌ದೇ 89 ವ್ಯಾಟ್ ಇತ್ತು. ಪ್ರೊಸೆಸರ್ ಫ್ಯಾನಿಗೆ ಸಿಗುವ ಗಾಳಿ 38 ಡಿಗ್ರಿ ದಾಟಬಾರದು ಅಂತ ಇಂಟೆಲ್ ಆಗ ಕ್ಯಾಬಿನೆಟ್ ಮಾಡುವವರಿಗೆ ಅಳತೆ ಕೊಟ್ಟಿತ್ತು, ಹೊರಗಿನ ಗಾಳಿಯನ್ನು ನೇರ ಪ್ರೊಸೆಸರ್‌ಗೆ ತಲುಪಿಸಲು ಆ ಕೊಳವೆ. ಕೆಳಗಿನ ಕಿಂಡಿ ಗ್ರಾಫಿಕ್ಸ್ ಕಾರ್ಡಿಗೆ. ಅಂದರೆ ನಾನು ಆರು ಭಾನುವಾರ ಕೂತು ಬಿಡಿಸಿದ ಲೆಕ್ಕವನ್ನು ಈ ಡಬ್ಬ ಮಾಡಿದವರೂ ತಮ್ಮ ಕಾಲಕ್ಕೆ ತಕ್ಕ ಹಾಗೆ ಬಿಡಿಸಿದ್ದರು. ಮೇಲಿನ ಕೊಳವೆ ಈಗ ಪಂಪಿಗೆ ತಾಗುತ್ತದೆ, ಅದನ್ನು ಬಿಚ್ಚಿಟ್ಟು ಕಿಂಡಿಗೆ ಒಂದು ತಗಡಿನ ತಟ್ಟೆ ಮುಚ್ಚಿದ್ದೇನೆ. ಕೆಳಗಿನ ಕಿಂಡಿ ಮಾತ್ರ ಇವತ್ತಿನ ಕಾರ್ಡಿನ ಫ್ಯಾನುಗಳ ಎದುರಿಗೇ ಬಂದಿದೆ, ಅದನ್ನು ಮುಟ್ಟಿಲ್ಲ. ಅದಕ್ಕೂ ಒಂದು ಸೊಳ್ಳೆ ಪರದೆ ಚೌಕಟ್ಟು ಮಾಡಬೇಕು, ಫ್ರಿಜ್ ಪಟ್ಟಿ ಇನ್ನೂ ಎರಡು ಅಡಿ ಉಳಿದಿದೆ.